ವಾಲ್ಯೂಮ್ ಮೆಶ್ ಕೈಕೊಟ್ಟಾಗ: ದೋಷವನ್ನು ಎಲ್ಲಿ ಹುಡುಕಬೇಕು, ಹೇಗೆ ಸರಿಪಡಿಸಬೇಕು

ಯಂತ್ರಭಾಗವನ್ನು ಎಲಿಮೆಂಟ್ ಎಂಬ ಚಿಕ್ಕಚಿಕ್ಕ ತುಣುಕುಗಳಾಗಿ ವಿಂಗಡಿಸಿ ಒತ್ತಡ ಮುಂತಾದವನ್ನು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ವಾಲ್ಯೂಮ್ ಮೆಶ್ (ಭಾಗದ ಒಳಗನ್ನು ತುಂಬುವ ಆ ತುಣುಕುಗಳ ಜಾಲ) ಆಗಲಿಲ್ಲ ಎಂಬ ಕೆಂಪು ಸಾಲು ಕಂಡ ಕೂಡಲೇ ಕೈ ತಾನಾಗಿ ಎಲಿಮೆಂಟ್ ಗಾತ್ರದ ಕಡೆಗೆ ಹೋಗುತ್ತದೆ. 5 ಮಿ.ಮೀ. ಇದ್ದದ್ದು 4 ಆಗುತ್ತದೆ, ಆಮೇಲೆ 3.7 ಆಗುತ್ತದೆ. ಯಾವುದೋ ಒಂದು ಅಂಕಿಗೆ ಮೆಶ್ ಆಗಿಯೂ ಬಿಡುತ್ತದೆ. ಇದನ್ನು ದುರಸ್ತಿ ಎಂದು ನಾನು ಒಪ್ಪುವುದಿಲ್ಲ. ವಿನ್ಯಾಸದಲ್ಲಿ ಒಂದು ರಂಧ್ರ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸಾಕು, ಅದೇ ತೊಂದರೆ ಮತ್ತೆ ಎದುರಾಗುತ್ತದೆ. ಆಗ ಕಾರಣ ಏನೆಂಬುದು ಮೊದಲಿನಷ್ಟೇ ಅಸ್ಪಷ್ಟ.

ಟೆಟ್ರಾ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿ) ಮೆಶ್ ಮಾಡುವ ತಂತ್ರಾಂಶಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತವೆ. ಮೊದಲು ಅಂಚುಗಳನ್ನು ತುಂಡರಿಸುತ್ತವೆ, ಆ ತುಂಡುಗಳನ್ನು ಹಿಡಿದು ಮೇಲ್ಮೈಗಳ ಮೇಲೆ ತ್ರಿಕೋನಗಳನ್ನು ಹಾಸುತ್ತವೆ, ಕೊನೆಗೆ ಆ ತ್ರಿಕೋನಗಳ ಚಿಪ್ಪಿನ ಒಳಗನ್ನು ಡೆಲೊನೆ ವಿಧಾನದಿಂದಲೋ ಅಡ್ವಾನ್ಸಿಂಗ್ ಫ್ರಂಟ್ ವಿಧಾನದಿಂದಲೋ ತುಂಬುತ್ತವೆ. ಮೂರನೆಯ ಹಂತ ಎರಡನೆಯದು ಕೊಟ್ಟದ್ದನ್ನು ನಂಬಿಯೇ ಹೊರಡಬೇಕು. ಆದ್ದರಿಂದ ದೋಷ ವರದಿಯಾಗುವುದು ಒಳಗಿನ ಘನಭಾಗದಲ್ಲಾದರೂ ಅದರ ಬೇರು ಬಹುಮಟ್ಟಿಗೆ ಹೊರಗಿನ ಮೇಲ್ಮೈಯಲ್ಲಿರುತ್ತದೆ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಹುಡುಕಾಟದ ಅರ್ಧ ದಾರಿ ಮುಗಿದಂತೆ.

1. ಲಾಗ್‌ನಲ್ಲಿ ಮೊದಲ ದೋಷವನ್ನು ಓದಿ

ಸಂದೇಶಗಳ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದು ಕೊನೆಯ ಸಾಲು: ‘ಈ ವಾಲ್ಯೂಮ್‌ನಲ್ಲಿ ಎಲಿಮೆಂಟ್‌ಗಳಿಲ್ಲ’ ಎಂಬಂಥದ್ದು. ಅದು ಪರಿಣಾಮ ಮಾತ್ರ. ಮೇಲಕ್ಕೆ ಸರಿಸಿ ಮೊತ್ತಮೊದಲ ಎಚ್ಚರಿಕೆ ಎಲ್ಲಿ ಬಂತೆಂದು ನೋಡಿ. ಅದು ನಿಮ್ಮನ್ನು ಮೂರು ದಾರಿಗಳಲ್ಲಿ ಒಂದಕ್ಕೆ ಕಳುಹಿಸುತ್ತದೆ: ಯಾವುದೋ ಮೇಲ್ಮೈಗೆ ತ್ರಿಕೋನಗಳೇ ಬಿದ್ದಿಲ್ಲ, ತ್ರಿಕೋನಗಳು ಒಂದನ್ನೊಂದು ಛೇದಿಸುತ್ತಿವೆ, ಚಿಪ್ಪು ಸರಿಯಿದ್ದರೂ ಒಳಗೆ ತುಂಬಲು ಆಗಿಲ್ಲ. ಜಿಮೆಶ್‌ನಂಥ ತಂತ್ರಾಂಶ ತ್ರಿಕೋನಗಳು ಒಂದರ ಮೇಲೊಂದು ಬಿದ್ದಾಗ ಎರಡೂ ಮೇಲ್ಮೈಗಳ ಸಂಖ್ಯೆಯನ್ನೇ ಹೇಳಿಬಿಡುತ್ತದೆ. ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಅವೇ ನಿಮ್ಮ ವಿಳಾಸ.

2. ತೊಂದರೆ ಇರುವ ಭಾಗವನ್ನು ಬೇರ್ಪಡಿಸಿ

ಹತ್ತಾರು ಭಾಗಗಳ ಜೋಡಣೆಯನ್ನು ಒಟ್ಟಿಗೆ ಮೆಶ್ ಮಾಡುತ್ತಾ ದೋಷ ಹುಡುಕಲು ಹೋಗಬೇಡಿ. ಒಂದೊಂದು ಸಾಲಿಡ್ (ಮುಚ್ಚಿದ ಘನಭಾಗ) ಅನ್ನು ಪ್ರತ್ಯೇಕವಾಗಿ ಮೆಶ್ ಮಾಡಿ. ಎಲ್ಲವೂ ಬಿಡಿಬಿಡಿಯಾಗಿ ಮೆಶ್ ಆಗಿ, ಒಟ್ಟಿಗೆ ಮಾತ್ರ ಆಗದಿದ್ದರೆ ತೊಂದರೆ ಇರುವುದು ಅವು ಪರಸ್ಪರ ತಾಗುವ ಜಾಗದಲ್ಲಿ. ಒಂದೇ ಭಾಗ ಹಟ ಹಿಡಿದರೆ ಅದರ ಮೇಲ್ಮೈ ಮೆಶ್ ಅಷ್ಟನ್ನೇ ಮಾಡಿ ನಿಲ್ಲಿಸಿ. ದೊಡ್ಡ ಸಾಲಿಡ್ ಆಗಿದ್ದರೆ ಒಂದು ಸಮತಲದಿಂದ ಎರಡಾಗಿ ಕತ್ತರಿಸಿ, ಕೆಟ್ಟ ಅರ್ಧವನ್ನು ಮತ್ತೆ ಎರಡಾಗಿಸುತ್ತಾ ಹೋಗಿ. ಸಾವಿರ ಮೇಲ್ಮೈಗಳಿರುವ ಎರಕದ ಕವಚವಾದರೂ ಹತ್ತರ ಆಸುಪಾಸಿನ ಕತ್ತರಿಕೆಗಳಲ್ಲಿ ದೋಷ ಬೆರಳೆಣಿಕೆಯ ಮೇಲ್ಮೈಗಳಿಗೆ ಇಳಿಯುತ್ತದೆ.

ಈ ಹಂತದಲ್ಲಿ ಗಾತ್ರವನ್ನು ಬದಲಿಸಿ ನೋಡುವುದಕ್ಕೂ ಅರ್ಥವಿದೆ, ಆದರೆ ಪರೀಕ್ಷೆಯಾಗಿ ಮಾತ್ರ. ಗಾತ್ರ ಅರ್ಧಕ್ಕಿಳಿಸಿದಾಗ ದೋಷ ಮಾಯವಾದರೆ ಅದು ಬಾಗಿದ ಮೇಲ್ಮೈಗೋ ಕಿರಿದಾದ ಸಂದಿಗೋ ಸಂಬಂಧಿಸಿದ್ದು. ಎಷ್ಟೇ ಇಳಿಸಿದರೂ ಅದೇ ಜಾಗದಲ್ಲಿ ಉಳಿದರೆ ಜ್ಯಾಮಿತಿಯೇ ಹರಿದಿದೆ ಎಂದು ತಿಳಿಯಿರಿ.

3. ಕಡತ ಹೇಗೆ ಬಂತು ಎಂದು ವಿಚಾರಿಸಿ

ಎರಡೇ ನಿಮಿಷದ ಕೆಲಸ, ಆದರೆ ಬಿಡುವಂತಿಲ್ಲ. ಎಸ್‌ಟಿಎಲ್ ಕಡತದಲ್ಲಿ (ಮೇಲ್ಮೈಯನ್ನು ಬರಿಯ ತ್ರಿಕೋನಗಳಾಗಿ ಬರೆದಿಡುವ ಸ್ವರೂಪ) ಅಳತೆಯ ಏಕಮಾನ ಇರುವುದೇ ಇಲ್ಲ. ಇಂಚಿನಲ್ಲಿ ಬರೆದದ್ದನ್ನು ಮಿಲಿಮೀಟರ್ ಎಂದು ಓದಿದರೆ ಮಾದರಿ 25.4 ಪಟ್ಟು ಕುಗ್ಗುತ್ತದೆ, ನೀವು ಕೊಟ್ಟ ಎಲಿಮೆಂಟ್ ಗಾತ್ರ ಗೋಡೆಯ ದಪ್ಪಕ್ಕಿಂತ ಹಲವು ಪಟ್ಟು ದೊಡ್ಡದಾಗುತ್ತದೆ. ಐಜಿಇಎಸ್ ಎಂಬ ಕಡತ ಸ್ವರೂಪದ ಮೂಲಕ ಬಂದ ಮಾದರಿ ಹೆಚ್ಚಾಗಿ ಬಿಡಿ ಮೇಲ್ಮೈಗಳ ಕಂತೆಯಾಗಿರುತ್ತದೆ, ಅವುಗಳನ್ನು ಹೊಲಿದು ಸಾಲಿಡ್ ಮಾಡಿಕೊಳ್ಳಬೇಕು. ಸಾಧ್ಯವಿದ್ದರೆ ಸ್ಟೆಪ್ ಕಡತವನ್ನೋ, ಮೂಲ ಕ್ಯಾಡ್‌ನ ಕರ್ನಲ್ (ವಿನ್ಯಾಸ ತಂತ್ರಾಂಶದ ಒಳಗಿನ ಜ್ಯಾಮಿತಿ ಎಂಜಿನ್) ಸ್ವರೂಪವನ್ನೋ ಕೇಳಿ ಪಡೆಯಿರಿ.

ಟಾಲರೆನ್ಸ್ ವಿಷಯ, ಅಂದರೆ ಎಷ್ಟು ಅಂತರದವರೆಗೆ ಎರಡು ಅಂಚುಗಳನ್ನು ಒಂದೇ ಎಂದು ಎಣಿಸಬಹುದು ಎಂಬುದು, ಇಲ್ಲಿಯೇ ಬರುತ್ತದೆ. ಪ್ಯಾರಾಸಾಲಿಡ್ ಕರ್ನಲ್‌ನ ರೇಖೀಯ ನಿಖರತೆ 10ರ ಮೈನಸ್ 8ನೇ ಘಾತ ಮೀಟರ್, ಅಂದರೆ 0.00001 ಮಿ.ಮೀ. ಇಷ್ಟು ಬಿಗಿಯಿಲ್ಲದ ಕಡೆ ರಚಿಸಿದ ಮಾದರಿ ಇಲ್ಲಿಗೆ ಬಂದಾಗ, ಅಲ್ಲಿ ಕೂಡಿದ್ದ ಅಂಚುಗಳು ಇಲ್ಲಿ ಬೇರೆಯಾಗಿ ಕಾಣಬಹುದು. ಮೂಲಬಿಂದುವಿನಿಂದ ಬಹಳ ದೂರದಲ್ಲಿರುವ ಮಾದರಿಗಳಲ್ಲೂ ಇಂಥದ್ದೇ ತೊಂದರೆ. ಬೈನರಿ ಎಸ್‌ಟಿಎಲ್ ನಿರ್ದೇಶಾಂಕಗಳನ್ನು 32 ಬಿಟ್ ಸಂಖ್ಯೆಗಳಾಗಿ ಬರೆಯುತ್ತದೆ. ಭಾಗ ಮೂಲಬಿಂದುವಿನಿಂದ 1,00,000 ಮಿ.ಮೀ. ಆಚೆ ಕುಳಿತಿದ್ದರೆ ಅಲ್ಲಿ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆ ಸುಮಾರು 0.008 ಮಿ.ಮೀ. ಅಂತರವಿರುತ್ತದೆ, ಅದಕ್ಕಿಂತ ಸೂಕ್ಷ್ಮವಾದ ವಿವರ ಉಳಿಯುವುದಿಲ್ಲ. ಮಾದರಿಯನ್ನು ಮೂಲಬಿಂದುವಿನ ಹತ್ತಿರಕ್ಕೆ ತಂದು ಮತ್ತೆ ರಫ್ತು ಮಾಡಿಸಿ.

4. ಚಿಪ್ಪು ಮುಚ್ಚಿದೆಯೇ?

ಒಡಕು ಬಿಂದಿಗೆಯಲ್ಲಿ ನೀರು ನಿಲ್ಲದಂತೆ, ತೆರೆದ ಚಿಪ್ಪಿನಲ್ಲಿ ಟೆಟ್ರಾಗಳು ನಿಲ್ಲುವುದಿಲ್ಲ. ಯಾವುದು ಒಳಗೆ, ಯಾವುದು ಹೊರಗೆ ಎಂದೇ ತಂತ್ರಾಂಶಕ್ಕೆ ತಿಳಿಯದು. ಮುಚ್ಚಿದ ತ್ರಿಕೋನ ಚಿಪ್ಪಿನ ನಿಯಮ ಸರಳ: ಪ್ರತಿ ಅಂಚನ್ನೂ ಸರಿಯಾಗಿ ಎರಡು ತ್ರಿಕೋನಗಳು ಹಂಚಿಕೊಳ್ಳಬೇಕು. ಒಂದೇ ತ್ರಿಕೋನಕ್ಕೆ ಸೇರಿದ ಅಂಚು ಬಿಡಿ ಅಂಚು, ಅಲ್ಲಿ ತೂತಿದೆ. ಮೂರು ಅಥವಾ ಹೆಚ್ಚು ತ್ರಿಕೋನಗಳು ಕೂಡುವ ಅಂಚು ನಾನ್-ಮ್ಯಾನಿಫೋಲ್ಡ್. ಅಲ್ಲಿ ಒಳಗೊಂದು ಅನಗತ್ಯ ಗೋಡೆಯೋ, ಎರಡು ಸಲ ಬಂದ ಮೇಲ್ಮೈಯೋ ಇರುತ್ತದೆ. ಎರಡು ವಸ್ತುಗಳ ನಡುವಿನ ಗಡಿಯಾಗಿ ಬೇಕೆಂದೇ ಇಟ್ಟ ಒಳಗೋಡೆ ಇದ್ದರೆ ಅಂಥ ಅಂಚು ಸಹಜ, ಅದನ್ನು ದೋಷವೆಂದು ಅಳಿಸಬೇಡಿ.

ಈ ನಿಯಮದಿಂದ ಒಂದು ಚುರುಕಾದ ಪರೀಕ್ಷೆ ಸಿಗುತ್ತದೆ. ಒಂದು ತ್ರಿಕೋನಕ್ಕೆ ಮೂರು ಅಂಚು, ಒಂದು ಅಂಚಿಗೆ ಎರಡು ತ್ರಿಕೋನ. ಹಾಗಾಗಿ ತ್ರಿಕೋನಗಳ ಸಂಖ್ಯೆಯ ಮೂರರಷ್ಟು ಅಂಚುಗಳ ಸಂಖ್ಯೆಯ ಎರಡರಷ್ಟಕ್ಕೆ ಸಮ. ಅಂದಮೇಲೆ ಮುಚ್ಚಿದ ಚಿಪ್ಪಿನಲ್ಲಿ ತ್ರಿಕೋನಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. 48,213 ತ್ರಿಕೋನಗಳ ಎಸ್‌ಟಿಎಲ್ ಕೈಗೆ ಬಂದರೆ ತೆರೆದು ನೋಡುವ ಮೊದಲೇ ಹೇಳಬಹುದು, ಅದು ಎಲ್ಲೋ ಕೆಟ್ಟಿದೆ. ಸಮಸಂಖ್ಯೆ ಬಂದ ಮಾತ್ರಕ್ಕೆ ಸರಿಯಿದೆ ಎಂದಾಗುವುದಿಲ್ಲ, ಮುಂದಿನ ತಪಾಸಣೆ ಬೇಕೇ ಬೇಕು. ಮೆಶ್‌ಲ್ಯಾಬ್‌ನಲ್ಲಿ ನಾನ್-ಮ್ಯಾನಿಫೋಲ್ಡ್ ಅಂಚುಗಳನ್ನೂ ಪರಸ್ಪರ ಛೇದಿಸುವ ತ್ರಿಕೋನಗಳನ್ನೂ ಆಯ್ದು ತೋರಿಸುವ ಸೌಲಭ್ಯವಿದೆ. ಟೆಟ್‌ಜೆನ್‌ನಲ್ಲಿ ‘ಡಿ’ ಸ್ವಿಚ್ ಕೊಟ್ಟು ಓಡಿಸಿದರೆ ಅದು ಮೆಶ್ ಮಾಡದೆ ಛೇದಿಸುವ ತ್ರಿಕೋನಗಳನ್ನು ಮಾತ್ರ ಪತ್ತೆ ಹಚ್ಚುತ್ತದೆ.

ತೂತು ಸಿಕ್ಕಿತು ಎಂದ ಕೂಡಲೇ ತಾನಾಗಿ ತುಂಬುವ ಗುಂಡಿ ಒತ್ತುವ ಮುನ್ನ ಅದು ಏಕೆ ಆಯಿತೆಂದು ನೋಡಿ. ಮೇಲ್ಮೈಗಳ ನಡುವೆ ಕೂದಲೆಳೆಯಷ್ಟು ಸೀಳಿದ್ದರೆ ಹೊಲಿಗೆಯ ಟಾಲರೆನ್ಸ್ ಅನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಮುಚ್ಚಿ; ಮಾದರಿಯ ಅತಿ ಚಿಕ್ಕ ನಿಜವಾದ ಅಂಚಿನ ಹತ್ತನೇ ಒಂದು ಭಾಗವನ್ನು ದಾಟದಿರುವುದು ಒಳ್ಳೆಯದು, ದಾಟಿದರೆ ಬೇಕಾದ ವಿವರವೇ ಕುಸಿದುಹೋಗುತ್ತದೆ. ಒಂದು ಮೇಲ್ಮೈ ಪೂರ್ತಿ ಕಾಣೆಯಾಗಿದ್ದರೆ ಅಥವಾ ತಿರುಚಿಕೊಂಡಿದ್ದರೆ ಅದನ್ನು ಅಳಿಸಿ ಸುತ್ತಲಿನ ಅಂಚುಗಳಿಂದ ಹೊಸದಾಗಿ ರಚಿಸಿ.

5. ಎಳೆಯಂಥ ಮೇಲ್ಮೈಗಳು, ತುಣುಕು ಅಂಚುಗಳು

ಅಂಚುಗಳನ್ನು ಉದ್ದದ ಪ್ರಕಾರ, ಮೇಲ್ಮೈಗಳನ್ನು ವಿಸ್ತೀರ್ಣದ ಪ್ರಕಾರ ಏರಿಕೆಯ ಕ್ರಮದಲ್ಲಿ ಜೋಡಿಸಿ ನೋಡಿ. ಪಟ್ಟಿಯ ತುದಿಯಲ್ಲಿ ಉಳಿದವುಗಳಿಗಿಂತ ನೂರು ಪಟ್ಟು ಚಿಕ್ಕದೊಂದು ಅಂಚು ಕುಳಿತಿದ್ದರೆ ಅನುಮಾನ ಅದರ ಮೇಲೆಯೇ. ಒಂದು ಫಿಲೆಟ್ (ದುಂಡಾಗಿಸಿದ ಮೂಲೆ) ಇನ್ನೊಂದನ್ನು ಸೇರುವ ಮೂಲೆ ಇವುಗಳ ತವರು: 14 ಮಿ.ಮೀ. ಉದ್ದ, 0.03 ಮಿ.ಮೀ. ಅಗಲದ ಎಳೆಯೊಂದು ಅಲ್ಲಿ ಉಳಿದುಬಿಟ್ಟಿರುತ್ತದೆ. ಅಂಥದ್ದನ್ನು ಪಕ್ಕದ ಮೇಲ್ಮೈಯೊಂದಿಗೆ ವಿಲೀನಗೊಳಿಸಿ. ವರ್ಚುವಲ್ ಟೋಪಾಲಜಿ ಸೌಲಭ್ಯ ಇದ್ದರೆ ಜ್ಯಾಮಿತಿಯನ್ನು ಮುಟ್ಟದೆಯೇ ಎರಡೂ ಒಂದೇ ಎಂದು ಮೆಶ್‌ಗೆ ತಿಳಿಸಬಹುದು. ಕೆತ್ತಿದ ಅಕ್ಷರ, ಲೋಗೊ, ಸ್ಕ್ರೂ ಎಳೆಗಳನ್ನು ವಿಶ್ಲೇಷಣೆಗೆ ಅಗತ್ಯವಿಲ್ಲದಿದ್ದರೆ ತೆಗೆದೇಬಿಡಿ.

ಆದರೆ ಫಿಲೆಟ್‌ಗಳ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಹೊರಮೂಲೆಯ ಫಿಲೆಟ್ ಹೋದರೆ ಹೆಚ್ಚೇನೂ ನಷ್ಟವಿಲ್ಲ. ಒಳಮೂಲೆಯ ಫಿಲೆಟ್ ತೆಗೆದರೆ ಅಲ್ಲಿ ಚೂಪಾದ ಕೋನ ಉಳಿಯುತ್ತದೆ. ಸಿದ್ಧಾಂತದ ಪ್ರಕಾರ ಅಲ್ಲಿ ಒತ್ತಡ ಅನಂತ, ಮೆಶ್ ಸೂಕ್ಷ್ಮವಾದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ, ಎಂದಿಗೂ ಒಂದು ಬೆಲೆಗೆ ನಿಲ್ಲುವುದಿಲ್ಲ. ಮೆಶ್ ಸಲೀಸಾಗಲಿ ಎಂದು ಉತ್ತರವನ್ನೇ ಬಲಿಕೊಟ್ಟಂತೆ ಆಗುತ್ತದೆ.

6. ಕಿರಿದಾದ ಸಂದಿ, ಬಾಗಿದ ಮೇಲ್ಮೈ

ಜ್ಯಾಮಿತಿ ಪರಿಪೂರ್ಣ, ಪ್ರತಿ ತ್ರಿಕೋನವೂ ಚೆನ್ನಾಗಿದೆ, ಆದರೂ ತ್ರಿಕೋನಗಳು ಛೇದಿಸುತ್ತಿವೆ ಎಂಬ ದೂರು. ಅತಿ ಹೆಚ್ಚು ಸಮಯ ತಿನ್ನುವ ಪ್ರಸಂಗ ಇದು. ಒಂದು ಉದಾಹರಣೆಯನ್ನು ಲೆಕ್ಕದೊಡನೆ ನೋಡೋಣ.

20 ಮಿ.ಮೀ. ತ್ರಿಜ್ಯದ ಶಾಫ್ಟ್, ಅದರ ಸುತ್ತ 20.03 ಮಿ.ಮೀ. ಒಳತ್ರಿಜ್ಯದ ಬುಷ್. ನಡುವಿನ ಸಂದಿಯಲ್ಲಿರುವ ಎಣ್ಣೆಯ ಪದರವನ್ನೂ ಮೆಶ್ ಮಾಡಬೇಕೆಂದುಕೊಳ್ಳಿ. ಎಲಿಮೆಂಟ್ ಗಾತ್ರ 3 ಮಿ.ಮೀ. ಬುಷ್‌ನ ವೃತ್ತದ ಮೇಲೆ 3 ಮಿ.ಮೀ. ದೂರದ ಎರಡು ನೋಡ್‌ಗಳನ್ನು (ಮೆಶ್‌ನ ಬಿಂದುಗಳನ್ನು) ಸರಳರೇಖೆಯಿಂದ ಸೇರಿಸಿದಾಗ ಆ ಜ್ಯಾ ನಡುವಿನಲ್ಲಿ ವೃತ್ತಕ್ಕಿಂತ ಒಳಗೆ ಸರಿಯುತ್ತದೆ. ಎಷ್ಟು ಎಂದರೆ, ಜ್ಯಾದ ಉದ್ದದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದಷ್ಟು: 9 ಭಾಗಿಸು 160, ಸುಮಾರು 0.056 ಮಿ.ಮೀ. ಸಂದಿ ಇರುವುದೇ 0.03. ಶಾಫ್ಟ್‌ನ ನೋಡ್ ಒಂದು ಆ ಜ್ಯಾದ ನಡುವಿಗೆ ಎದುರಾಗಿ ಬಂದರೆ ಬುಷ್‌ನ ತ್ರಿಕೋನ ಶಾಫ್ಟ್‌ನ ತ್ರಿಕೋನದೊಳಗೆ ನುಗ್ಗಿಯೇ ಬಿಡುತ್ತದೆ. ಕ್ಯಾಡ್‌ನಲ್ಲಿ ಹುಡುಕಿದರೆ ಯಾವ ತಪ್ಪೂ ಕಾಣದು, ಏಕೆಂದರೆ ಕ್ಯಾಡ್‌ನಲ್ಲಿ ತಪ್ಪೇ ಇಲ್ಲ.

ಇದೇ ಲೆಕ್ಕವನ್ನು ತಿರುಗಿಸಿದರೆ ಮಿತಿ ಸಿಗುತ್ತದೆ: ಗಾತ್ರದ ವರ್ಗ, ಎಂಟು ಗುಣಿಸು ತ್ರಿಜ್ಯ ಗುಣಿಸು ಸಂದಿಗಿಂತ ಕಡಿಮೆಯಿರಬೇಕು. ಇಲ್ಲಿ ಅದು 4.8, ವರ್ಗಮೂಲ ಸುಮಾರು 2.2 ಮಿ.ಮೀ. ಅದು ತೀರಾ ಅಂಚಿನ ಬೆಲೆ. ಅದರ ಅರ್ಧ, ಅಂದರೆ ಸುತ್ತಳತೆಯ ದಿಕ್ಕಿನಲ್ಲಿ 1.1 ಮಿ.ಮೀ. ಹಾಕಿದರೆ ನೆಮ್ಮದಿ. ಇನ್ನೊಂದು ದಾರಿಯೂ ಇದೆ: ಎರಡೂ ವೃತ್ತಗಳನ್ನು ಒಂದೇ ಸಂಖ್ಯೆಯ ಭಾಗಗಳಾಗಿ, ಒಂದೇ ಕೋನದಿಂದ ಆರಂಭಿಸಿ ವಿಂಗಡಿಸಿದರೆ ನೋಡ್‌ಗಳು ಎದುರುಬದುರಾಗಿ ಕೂರುತ್ತವೆ, ಎರಡೂ ಜ್ಯಾಗಳು ಒಟ್ಟಿಗೆ ಒಳಸರಿಯುತ್ತವೆ, ಛೇದನವೇ ಆಗುವುದಿಲ್ಲ. ಸಂದಿಯ ಪದರವೇ ಬೇಡವೆಂದಾದರೆ ಅದನ್ನು ಮುಚ್ಚಿಯೋ, ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಮೆಶ್ ಮಾಡಿ ಕಾಂಟ್ಯಾಕ್ಟ್ (ತಾಗುವಿಕೆಯ ನಿಯಮ) ಕೊಟ್ಟೋ ಮುಗಿಸಬಹುದು. ತೆಳುವಾದ ಬಾಗಿದ ಗೋಡೆಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ಜೋಡಣೆಗಳಲ್ಲಿ ಇದರ ಸೋದರ ಸಮಸ್ಯೆ ಒಂದಿದೆ. ತಾಗುವ ಎರಡು ಸಾಲಿಡ್‌ಗಳಿಗೆ ಒಂದೇ ಹಂಚಿಕೆಯ ಮೇಲ್ಮೈ ಇಲ್ಲದೆ ತಲಾ ಒಂದು ಪ್ರತಿ ಇದ್ದರೆ ತ್ರಿಕೋನಗಳು ಒಂದರ ಮೇಲೊಂದು ಹೊಂದಿಕೆಯಿಲ್ಲದೆ ಬೀಳುತ್ತವೆ. ಜಿಮೆಶ್‌ನಲ್ಲಿ ಬೂಲಿಯನ್ ಫ್ರಾಗ್ಮೆಂಟ್ಸ್, ಆನ್ಸಿಸ್‌ನಲ್ಲಿ ಶೇರ್ ಟೋಪಾಲಜಿ ಈ ಕೆಲಸಕ್ಕಾಗಿಯೇ ಇವೆ. ಅವುಗಳನ್ನು ಬಳಸುವ ಮೊದಲು ಭಾಗಗಳು ಒಂದರೊಳಗೊಂದು ತೂರಿಕೊಂಡಿಲ್ಲ ಎಂದು ಖಚಿತಪಡಿಸಿಕೊಳ್ಳಿ. ತೂರಿಕೊಂಡಿದ್ದರೆ ಹೊಸದೊಂದು ತೆಳು ಸಾಲಿಡ್ ಹುಟ್ಟಿಕೊಂಡು ಮೆಶ್ ಮತ್ತೆ ಕೆಡುತ್ತದೆ.

7. ಚಿಪ್ಪು ಸರಿಯಿದೆ, ಒಳಗು ತುಂಬುತ್ತಿಲ್ಲ

ಹೀಗಾಗುವುದು ಅಪರೂಪ, ಆದರೆ ಅಸಾಧ್ಯವಲ್ಲ. 1928ರಲ್ಲಿ ಎರಿಕ್ ಶೋನ್‌ಹಾರ್ಟ್ ಆರು ಶೃಂಗ, ಎಂಟು ತ್ರಿಕೋನಗಳ ಒಂದು ಘನಾಕೃತಿಯನ್ನು ತೋರಿಸಿದರು. ತ್ರಿಕೋನ ಪಟ್ಟಕದ ಮೇಲ್ಮುಖವನ್ನು ತಿರುಚಿದಾಗ ಸಿಗುವ ಆಕೃತಿ ಅದು. ಚಿಪ್ಪು ಪೂರ್ತಿ ಮುಚ್ಚಿದೆ, ಎಲ್ಲೂ ಛೇದನವಿಲ್ಲ, ಆದರೂ ಇರುವ ಶೃಂಗಗಳನ್ನಷ್ಟೇ ಬಳಸಿ ಅದನ್ನು ಟೆಟ್ರಾಗಳಾಗಿ ವಿಂಗಡಿಸುವುದು ಸಾಧ್ಯವೇ ಇಲ್ಲ. ಒಳಗೆ ಹೊಸ ಬಿಂದು ಸೇರಿಸಲೇಬೇಕು. ನಿಮ್ಮ ಮಾದರಿಯ ಇಕ್ಕಟ್ಟಾದ ಮೂಲೆಗಳಲ್ಲಿ ಇಂಥ ಆಕೃತಿಗಳು ಹುಟ್ಟಿಕೊಂಡಾಗ ತಂತ್ರಾಂಶ ಮೇಲ್ಮೈಯನ್ನು ಇದ್ದಂತೆಯೇ ಉಳಿಸಿಕೊಂಡು ಒಳಗನ್ನು ತುಂಬಲು ಹೆಣಗುತ್ತದೆ.

ಮಾಡಬೇಕಾದದ್ದು ಇಷ್ಟು: ಮೇಲ್ಮೈ ಮೆಶ್ ಅನ್ನು ಬದಲಿಸಬಾರದೆಂಬ ನಿರ್ಬಂಧ ಹಾಕಿದ್ದರೆ ಸಡಿಲಿಸಿ. ಅಕ್ಕಪಕ್ಕದ ತ್ರಿಕೋನಗಳ ಗಾತ್ರ ಒಮ್ಮೆಲೇ ಜಿಗಿಯದಂತೆ ಬೆಳವಣಿಗೆಯ ದರವನ್ನು 1.2ರಿಂದ 1.5ರ ನಡುವೆ ಇಡಿ. ಅದೂ ಆಗದಿದ್ದರೆ ಅಲ್ಗಾರಿದಂ ಬದಲಿಸಿ. ಜಿಮೆಶ್‌ನಲ್ಲಿ ಡೆಲೊನೆ, ಫ್ರಂಟಲ್, ಎಚ್‌ಎಕ್ಸ್‌ಟಿ ಎಂದು ಆಯ್ಕೆಗಳಿವೆ, ಒಂದು ಸೋತ ಕಡೆ ಇನ್ನೊಂದು ದಾಟುವುದುಂಟು. ಅಲ್ಗಾರಿದಂ ಬದಲಿಸುವುದನ್ನು ಏಳನೆಯ ಹೆಜ್ಜೆಯಲ್ಲಿ ಹೇಳುತ್ತಿರುವುದು ಉದ್ದೇಶಪೂರ್ವಕ. ಮೊದಲೇ ಮಾಡಿದರೆ ಅದೂ ಗಾತ್ರ ಬದಲಿಸುವ ಚಟದಂತೆಯೇ ಆಗುತ್ತದೆ.

8. ಮೆಶ್ ಆಯಿತು, ಎಲಿಮೆಂಟ್‌ಗಳು ಕೆಟ್ಟಿವೆ

ಟೆಟ್ರಾಗಳಲ್ಲಿ ಅತ್ಯಂತ ಕಪಟಿ ಎಂದರೆ ಸ್ಲಿವರ್. ಒಂದು ಗೋಳದ ಸಮಭಾಜಕದ ಸುತ್ತ ನಾಲ್ಕು ಬಿಂದುಗಳನ್ನು ಚೌಕದಂತೆ ಇಟ್ಟು ಒಂದನ್ನು ತುಸು ಮೇಲೆ, ಮುಂದಿನದನ್ನು ತುಸು ಕೆಳಗೆ ಸರಿಸಿದರೆ ಅದು ಸಿಗುತ್ತದೆ: ಎಲ್ಲ ಅಂಚುಗಳೂ ಸಾಕಷ್ಟು ಉದ್ದ, ಘನಗಾತ್ರ ಮಾತ್ರ ಬಹುತೇಕ ಸೊನ್ನೆ. ಪರಿಗೋಳದ (ನಾಲ್ಕೂ ಶೃಂಗಗಳ ಮೂಲಕ ಹಾಯುವ ಗೋಳದ) ತ್ರಿಜ್ಯ ಮತ್ತು ಅತಿ ಚಿಕ್ಕ ಅಂಚಿನ ಅನುಪಾತದಿಂದ ಗುಣಮಟ್ಟ ಅಳೆದರೆ ಅದಕ್ಕೆ ಸುಮಾರು 0.7 ಬರುತ್ತದೆ, ತೇರ್ಗಡೆಯಾಗಿಬಿಡುತ್ತದೆ. ಅದನ್ನು ಹಿಡಿಯುವುದು ಮುಖಗಳ ನಡುವಿನ ಕೋನ. ಸಮಟೆಟ್ರಾದಲ್ಲಿ ಆ ಕೋನ 70.5 ಡಿಗ್ರಿ, ಸ್ಲಿವರ್‌ನಲ್ಲಿ ಕೆಲವು ಸೊನ್ನೆಯ ಹತ್ತಿರ, ಕೆಲವು 180ರ ಹತ್ತಿರ. ಆದ್ದರಿಂದ ಕನಿಷ್ಠ ಕೋನದ ಚಿತ್ರವನ್ನೇ ತೆಗೆದು ನೋಡಿ, ಆಮೇಲೆ ಎಲಿಮೆಂಟ್ ಆಕಾರವನ್ನು ಸುಧಾರಿಸುವ ಆಪ್ಟಿಮೈಸೇಷನ್ ಸುತ್ತುಗಳನ್ನು ಓಡಿಸಿ. ಸರಾಸರಿ ಗುಣಮಟ್ಟಕ್ಕೆ ಬೆಲೆ ಕೊಡಬೇಡಿ, ಸಾಲ್ವರ್ (ಲೆಕ್ಕ ಬಿಡಿಸುವ ತಂತ್ರಾಂಶ) ನಿಲ್ಲುವುದು ಅತಿ ಕೆಟ್ಟ ಎಲಿಮೆಂಟ್‌ನಲ್ಲಿ.

10 ನೋಡ್‌ಗಳ ಟೆಟ್ರಾಗಳಲ್ಲಿ ಋಣ ಜಾಕೋಬಿಯನ್ (ಎಲಿಮೆಂಟ್ ಒಳಹೊರಗಾಗಿದೆ ಎಂಬ ಸೂಚನೆ) ಬಂದರೆ ಕಾರಣ ಸಾಮಾನ್ಯವಾಗಿ ಅಂಚಿನ ನಡುವಿನ ನೋಡ್. ಬಾಗಿದ ಮೇಲ್ಮೈಗೆ ಅಂಟಿಕೊಳ್ಳಲು ಅದು ಹೊರಗೆ ಸರಿದಾಗ ಎಲಿಮೆಂಟ್ ತನ್ನೊಳಗೇ ಮಡಚಿಕೊಳ್ಳುತ್ತದೆ. 90 ಡಿಗ್ರಿಯ ಫಿಲೆಟ್ ಸುತ್ತ ಒಂದೇ ಎಲಿಮೆಂಟ್ ಇದ್ದರೆ ಅಂಚಿನ ಉಬ್ಬು ಅದರ ಉದ್ದದ ಸುಮಾರು ಶೇ. 21ರಷ್ಟು, ಮೂರು ಎಲಿಮೆಂಟ್ ಹಾಕಿದರೆ ಶೇ. 7ಕ್ಕೂ ಕಡಿಮೆ. ಹಾಗಾಗಿ ಫಿಲೆಟ್‌ಗೆ ಕನಿಷ್ಠ ಮೂರು ಕೊಡಿ. ಒತ್ತಡ ಮುಖ್ಯವಲ್ಲದ ಜಾಗದಲ್ಲಿ ಅಂಚುಗಳನ್ನು ನೇರವಾಗಿಯೇ ಬಿಡಬಹುದು. ಕಾಟ ತಪ್ಪಲಿ ಎಂದು ಇಡೀ ಮಾದರಿಯನ್ನು 4 ನೋಡ್‌ಗಳ ಟೆಟ್ರಾಗಳಿಗೆ ಇಳಿಸಬೇಡಿ. ಒಂದೊಂದರಲ್ಲೂ ಸ್ಟ್ರೇನ್ (ವಿರೂಪದ ಪ್ರಮಾಣ) ಒಂದೇ ಬೆಲೆಗೆ ಅಂಟಿಕೊಂಡಿರುವುದರಿಂದ ಬಾಗುವ ಭಾಗಗಳು ಇರುವುದಕ್ಕಿಂತ ಗಡುಸಾಗಿ ವರ್ತಿಸುತ್ತವೆ.

9. ಹೆಕ್ಸಾ ಸ್ವೀಪ್ ನಿಂತರೆ

ಹೆಕ್ಸಾ ಎಂದರೆ ಆರು ಮುಖಗಳ ಇಟ್ಟಿಗೆಯಂಥ ಎಲಿಮೆಂಟ್. ಒಂದು ಮುಖದ ಮೆಶ್ ಅನ್ನು ಎದುರು ಮುಖದವರೆಗೆ ಎಳೆದು ಅವನ್ನು ರಚಿಸುವುದೇ ಸ್ವೀಪ್. ಅದಕ್ಕೆ ಒಂದು ಆರಂಭದ ಮುಖ, ಒಂದು ಕೊನೆಯ ಮುಖ, ನಡುವೆ ಚೌಕುಳಿಗಳಾಗಿ ವಿಂಗಡಿಸಬಲ್ಲ ಪಕ್ಕದ ಗೋಡೆಗಳು ಬೇಕು. ಪಕ್ಕದ ಗೋಡೆಯಲ್ಲಿ ಒಂದು ರಂಧ್ರವೋ ಅರ್ಧಕ್ಕೆ ನಿಂತ ಅಂಚೋ ಇದ್ದರೆ ಅಲ್ಲಿಗೇ ನಿಂತಿತು. ಅಲ್ಲಿ ಸಾಲಿಡ್ ಅನ್ನು ಸಮತಲದಿಂದ ಕತ್ತರಿಸಿ. ಎದುರುಬದುರಿನ ಅಂಚುಗಳ ಭಾಗಗಳ ಸಂಖ್ಯೆ ಒಂದೇ ಆಗಿರಬೇಕು. ಒಂದು ಮುಖವನ್ನು ಪೂರ್ತಿ ಚತುರ್ಭುಜಗಳಿಂದ ತುಂಬಬೇಕಾದರೆ ಅದರ ಸುತ್ತಲಿನ ಭಾಗಗಳ ಒಟ್ಟು ಸಂಖ್ಯೆ ಸಮಸಂಖ್ಯೆಯಾಗಿರಲೇಬೇಕು. 37 ಕೊಟ್ಟು ಎಷ್ಟು ಕಾದರೂ ಆಗದು.

10. ಮೆಮೊರಿ ಸಾಲದೆ ನಿಂತಾಗ

ಗಾತ್ರ ಅರ್ಧವಾದರೆ ಎಲಿಮೆಂಟ್‌ಗಳು ಎಂಟು ಪಟ್ಟಾಗುತ್ತವೆ. ಅಂದಾಜಿಗೆ ಭಾಗದ ಘನಗಾತ್ರವನ್ನು ಎಲಿಮೆಂಟ್ ಗಾತ್ರದ ಘನದಿಂದ ಭಾಗಿಸಿ 8.5ರಿಂದ ಗುಣಿಸಿ: 100 ಮಿ.ಮೀ. ಬದಿಯ ಘನಕ್ಕೆ 5 ಮಿ.ಮೀ. ಹಾಕಿದರೆ ಸುಮಾರು 68 ಸಾವಿರ, 1 ಮಿ.ಮೀ. ಹಾಕಿದರೆ ಸುಮಾರು 85 ಲಕ್ಷ. ಮೆಶ್ ಗುಂಡಿ ಒತ್ತುವ ಮುನ್ನ ಈ ಲೆಕ್ಕ ಮಾಡಿ, ಸೂಕ್ಷ್ಮ ಮೆಶ್ ಬೇಕಾದ ಜಾಗಕ್ಕಷ್ಟೇ ಕೊಡಿ.

11. ಆದ ಮೆಶ್ ಅನ್ನು ಪರೀಕ್ಷಿಸಿ

ದೋಷವಿಲ್ಲದೆ ಮುಗಿಯಿತು ಎಂಬ ಸಂದೇಶವನ್ನು ಅಂತಿಮ ಮಾತೆಂದು ಭಾವಿಸಬೇಡಿ. ಮೆಶ್‌ನ ಒಟ್ಟು ಘನಗಾತ್ರವನ್ನು ಕ್ಯಾಡ್‌ನ ಘನಗಾತ್ರದೊಂದಿಗೆ ಹೋಲಿಸಿ. ನೇರ ಅಂಚುಗಳ ಮೆಶ್‌ನಲ್ಲಿ ಸ್ವಲ್ಪ ವ್ಯತ್ಯಾಸ ಸಹಜ: ಸಿಲಿಂಡರನ್ನು ಸುತ್ತ 12 ಭಾಗ ಮಾಡಿದರೆ ಶೇ. 4.5ರಷ್ಟು ಗಾತ್ರ ಕಳೆಯುತ್ತದೆ, 36 ಭಾಗ ಮಾಡಿದರೆ ಶೇ. 0.5ರಷ್ಟು. ಬಾಗುವಿಕೆಯಿಂದ ವಿವರಿಸಲಾಗದಷ್ಟು ವ್ಯತ್ಯಾಸವಿದ್ದರೆ ಯಾವುದೋ ಭಾಗ ಖಾಲಿ ಉಳಿದಿದೆ ಅಥವಾ ಎರಡು ಸಲ ತುಂಬಿದೆ.

ಕೊನೆಗೆ ಯಾವ ಆಧಾರವನ್ನೂ ಕೊಡದೆ ಮೋಡಲ್ ವಿಶ್ಲೇಷಣೆ (ಭಾಗದ ಸಹಜ ಕಂಪನಗಳ ಲೆಕ್ಕ) ಓಡಿಸಿ. ಕೂಡಿಕೊಂಡಿರುವ ಒಂದೇ ಭಾಗಕ್ಕೆ ಬಹುತೇಕ ಸೊನ್ನೆ ಆವೃತ್ತಿಯ ಆರು ಮೋಡ್‌ಗಳು ಬರಬೇಕು, ಮೂರು ಚಲನೆ, ಮೂರು ತಿರುಗುವಿಕೆ. 12 ಬಂದರೆ ನೋಡ್‌ಗಳು ಎಲ್ಲೂ ಕೂಡದೆ ಮಾದರಿ ಎರಡು ತುಂಡಾಗಿದೆ. ಸಾಲಿಡ್ ಎಲಿಮೆಂಟ್‌ನ ನೋಡ್‌ಗಳಿಗೆ ತಿರುಗುವಿಕೆಯ ಸ್ವಾತಂತ್ರ್ಯ ಇಲ್ಲದಿರುವುದರಿಂದ ಎರಡು ಭಾಗಗಳು ಒಂದು ನೇರ ಅಂಚಿನಲ್ಲಿ ಮಾತ್ರ ಕೂಡಿದ್ದರೆ ಅದು ಕೀಲಾಗಿ ಏಳು ಮೋಡ್‌ಗಳು ಕಾಣುತ್ತವೆ. ಒಂದೇ ನೋಡ್‌ನಲ್ಲಿ ಕೂಡಿದ್ದರೆ ಒಂಬತ್ತು. ಹೆಚ್ಚುವರಿ ಮೋಡ್‌ನ ಅನಿಮೇಷನ್ ನೋಡಿದರೆ ಯಾವ ಭಾಗ ಎಲ್ಲಿಂದ ಬಿಟ್ಟುಕೊಂಡು ತೂಗುತ್ತಿದೆ ಎಂಬುದು ನೇರವಾಗಿ ಕಾಣುತ್ತದೆ. ಆ ಜಾಗದ ಮೇಲ್ಮೈ ಸಂಖ್ಯೆ ಹಿಡಿದು ನಾಲ್ಕನೆಯ ಅಥವಾ ಆರನೆಯ ಹೆಜ್ಜೆಗೆ ಮರಳಿ.